ಕೆಂಪು ‘ಬರ್ಲಿನ್’ ಓವರ್‌ಪ್ರಿಂಟ್ ಅಸಲಿಯಾ?

ಪ್ರಶ್ನೆ
ನಮಸ್ಕಾರ. ಒಂದು ಹಳೆ ಆಲ್ಬಮ್ ಕೊಂಡೆ. ಅದರಲ್ಲಿ 1947ರ ಜರ್ಮನ್ ಸರಣಿಯ ಮೂರು ಅಂಚೆ ಚೀಟಿಗಳ ಬಗ್ಗೆ ಗೊಂದಲ.

ಒಂದು, 20 ಫೆನಿಗ್ (ಜರ್ಮನ್ ಪೈಸೆ) ಬೆಲೆಯದು. ಚೀಟಿಯ ಮೇಲೆ ಆಮೇಲೆ ಓರೆಯಾಗಿ ಒತ್ತಿದ ಕೆಂಪು ‘ಬರ್ಲಿನ್’, ಅಂದರೆ ಓವರ್‌ಪ್ರಿಂಟ್. ಅಂಚೆ ಕಚೇರಿಯ ಠಸ್ಸೆ ಹ್ಯಾನೋವರ್ ಊರಿನದು, ತಾರೀಕು 12.3.48.
ಎರಡು, ಪುಟ್ಟ ಅಂಚೆ ಕಹಳೆಗಳು ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಇವೆ. ಇದು ಅರ್ಧಂಬರ್ಧ ಮುದ್ರಣವೇ?
ಮೂರು, ‘27 ಲೈಪ್‌ಜಿಗ್’ ಎಂಬ ಸೀಲ್ ತಲೆಕೆಳಗಾಗಿ ಬಿದ್ದಿದೆ. ಅಪರೂಪದ್ದು ಅಂತ ಮಾರಿದವರು ಹೇಳಿದರು.

ಉತ್ತರ
ಎರಡನೆಯದು ಸುಲಭ. ಅದು ದೋಷವಲ್ಲ. ಯುದ್ಧದ ನಂತರ ಗೆದ್ದ ದೇಶಗಳು ಜರ್ಮನಿಯನ್ನು ವಲಯಗಳಾಗಿ ಹಂಚಿಕೊಂಡಿದ್ದವು. 1948ರ ಜೂನ್‌ನಲ್ಲಿ ಪಶ್ಚಿಮ ವಲಯಗಳಿಗೆ ಡಾಯ್ಚ್ ಮಾರ್ಕ್ ಎಂಬ ಹೊಸ ದುಡ್ಡು ಬಂತು. ಹಳೆ ದುಡ್ಡಿನಲ್ಲಿ ಕೊಂಡಿಟ್ಟ ಚೀಟಿಗಳನ್ನು ಜನ ಪೂರ್ತಿ ಬೆಲೆಗೆ ಬಳಸಿಬಿಟ್ಟರೆ ಅಂಚೆ ಇಲಾಖೆಗೆ ನಷ್ಟ ಅಲ್ವಾ? ಅದಕ್ಕೇ ಅಮೆರಿಕನ್, ಬ್ರಿಟಿಷ್ ವಲಯಗಳಲ್ಲಿ ಇಲಾಖೆಯ ಬಳಿ ಉಳಿದಿದ್ದ ಚೀಟಿಗಳ ಮೇಲೆ ಗುರುತಿಗಾಗಿ ಕಹಳೆ ಮುದ್ರಿಸಿದರು. ಪಟ್ಟಿ ಒಂದು ಬಗೆ, ಚೀಟಿ ತುಂಬಾ ಬಲೆಯಂತೆ ಹರಡಿದ್ದು ಇನ್ನೊಂದು.

ಲೈಪ್‌ಜಿಗ್ ಚೀಟಿ ಸೋವಿಯತ್ ವಲಯದ್ದು. ಅಲ್ಲೂ ಇದೇ ಕಾರಣಕ್ಕೆ, ಯಂತ್ರದ ಮುದ್ರಣ ಸಿದ್ಧವಾಗುವ ತನಕ ಅಂಚೆ ಕಚೇರಿಗಳಲ್ಲಿ ಕೈಯಿಂದಲೇ ಸೀಲ್ ಒತ್ತಿದರು. ಅವಸರದ ಕೆಲಸ, ತಲೆಕೆಳಗಾಗುವುದು ಸಹಜ. ಅಷ್ಟಕ್ಕೇ ಬೆಲೆ ಏರಿಸಬೇಡಿ. ರಬ್ಬರ್ ಸೀಲ್ ಮಾಡಿಸುವುದು ಯಾರಿಗೂ ಕಷ್ಟವಲ್ಲ, ಹಾಗಾಗಿ ನಕಲಿ ಸಿಕ್ಕಾಪಟ್ಟೆ.

ಕೆಂಪು ಬರ್ಲಿನ್‌ನಲ್ಲಿ ತಾರೀಕೇ ಗುಟ್ಟು ಬಿಟ್ಟುಕೊಟ್ಟಿದೆ. ಪಶ್ಚಿಮ ಬರ್ಲಿನ್‌ಗಾಗಿ ಕಪ್ಪು ‘ಬರ್ಲಿನ್’ ಓವರ್‌ಪ್ರಿಂಟ್ ಬಂದದ್ದು 1948ರ ಸೆಪ್ಟೆಂಬರ್‌ನಲ್ಲಿ, ಕೆಂಪು 1949ರ ಜನವರಿಯಲ್ಲಿ. ಮಾರ್ಚ್ 48ರ ಠಸ್ಸೆ ಹೇಗೆ ಬಿದ್ದೀತು? ಭೂತಗನ್ನಡಿಯಲ್ಲಿ ನೋಡಿ: ಕೆಂಪು ಮೇಲಿದೆಯೋ, ಠಸ್ಸೆ ಮೇಲಿದೆಯೋ?

ಪ್ರಶ್ನೆ ಕೇಳಿದವರು
ನೋಡಿದೆ ಸರ್. ಠಸ್ಸೆಯ ಕಪ್ಪು ಗೆರೆಯ ಮೇಲೆ ಕೆಂಪು ಕೂತಿದೆ. ಆದರೆ ಹಿಂಬದಿಯಲ್ಲಿ, ಚೀಟಿ ಅಸಲಿ ಎಂದು ಪರೀಕ್ಷಕರು ಒತ್ತುವ ಪುಟ್ಟ ಸೀಲ್ ಇದೆಯಲ್ಲ?

ಉತ್ತರ
ಆ ಸೀಲೂ ನಕಲಿ ಮಾಡುತ್ತಾರೆ! ಹ್ಯಾನೋವರ್‌ನಲ್ಲಿ ಬಳಸಿ ಬಿಸಾಡಿದ ಅಗ್ಗದ ಚೀಟಿಗೆ ಯಾರೋ ಆಮೇಲೆ ಕೆಂಪು ಅಕ್ಷರ ಒತ್ತಿದ್ದಾರೆ. ಬಳಸದ ಚೀಟಿಯಲ್ಲಾದರೆ ಈ ಸುಳಿವೂ ಸಿಗುವುದಿಲ್ಲ. ಅಂಥದ್ದಕ್ಕೆ ಜಾಸ್ತಿ ದುಡ್ಡು ಕೊಡುವ ಮುಂಚೆ ಜರ್ಮನಿಯ ಬಿಪಿಪಿ (ಅಂಚೆ ಚೀಟಿ ಪರೀಕ್ಷಕರ ಸಂಘ) ಪರೀಕ್ಷಕರ ಪ್ರಮಾಣಪತ್ರ ಕೇಳಿ.

ನೀರಿಗೆ ಹಾಕಿ ಪರೀಕ್ಷೆ ಮಾಡಲು ಹೋಗಬೇಡಿ. ಮಾರಿದವರು ವಾಪಸ್ ತಗೊಳ್ಳದಿದ್ದರೆ ಪಕ್ಕದಲ್ಲಿ ‘ನಕಲಿ’ ಅಂತ ಬರೆದು ಇಟ್ಟುಕೊಳ್ಳಿ. ನನ್ನ ಹತ್ತಿರ ಅಂಥವೇ ಒಂದು ಪುಟ ತುಂಬಾ ಇವೆ.