ಬಟನ್ ಒತ್ತಿದ್ದು ನಾನು, ಪ್ಯಾನ್ ಕೊಟ್ಟಿದ್ದು ಮನೆಯವರು. ಜಾಕ್‌ಪಾಟ್ ಯಾರ ಲೆಕ್ಕಕ್ಕೆ?

ಕೌಲ್‌ಬಜಾರ್ ಟೇಲರಮ್ಮ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ್ರಿ. ಮೊದಲೇ ಹೇಳಿಬಿಡ್ತೀನಿ, ಜೂಜು ತಪ್ಪು ಅಂತ ಬುದ್ಧಿ ಹೇಳಾಕ ಯಾರೂ ಬರಬ್ಯಾಡ್ರಿ. ಆ ಕೆಲಸ ನಮ್ಮತ್ತಿ ದಿನಾ ಎರಡು ಹೊತ್ತು ಮಾಡಾಕತ್ತಾರ.

ನಮ್ಮದು ಜೀನ್ಸ್ ಹೊಲಿಯೋ ಸಣ್ಣ ಯೂನಿಟ್. ಒಂಬತ್ತು ಮಷಿನ್, ಪೀಸ್ ರೇಟಿನ ಮೇಲೆ ಜಾಬ್ ವರ್ಕ್. ಯೂನಿಟ್ ಮನೆಯವರ ಹೆಸರಿಗೆ, ಕರೆಂಟ್ ಮೀಟರ್ ಮಾವನವರ ಹೆಸರಿಗೆ. ಪೀಸ್ ಎಣಿಸಿ ಶನಿವಾರ ಬಟವಾಡೆ ಮಾಡೋ ಲೆಕ್ಕದ ಪುಸ್ತಕ ಮಾತ್ರ ನನ್ನ ಕೈಯಾಗ.

ಹೋದ ಡಿಸೆಂಬರ್‌ನಾಗ ಆರ್ಡರ್ ತಣ್ಣಗಿತ್ತು. ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಮಡಗಾಂವ್‌ಗೆ ಇಳಿದ್ವಿ, ಅಲ್ಲಿಂದ ಪಣಜಿ. ಮಾಂಡೋವಿ ನದಿಯೊಳಗೆ ನಿಂತಿರ್ತಾವಲ್ಲ, ಆ ಕ್ಯಾಸಿನೊ ಹಡಗಿಗೆ ನಾವು ಹೋಗಿದ್ದು ಇದು ಮೂರನೇ ಸಲ. ಮೊದಲ ಸಲ ಹೋದಾಗ ಮೆಂಬರ್ ಕಾರ್ಡ್ ಮಾಡಿಸಿದ್ದು ಅವರ ಆಧಾರ್ ಮೇಲೆ. "ಇಬ್ಬರಿಗೆ ಎರಡು ಯಾಕ, ಒಂದರಾಗೇ ಪಾಯಿಂಟ್ ಕೂಡಿದರ ರೂಮು ಫ್ರೀ ಸಿಗತೈತಿ" ಅಂದ್ರು. ನನಗೂ ಸರಿ ಅನ್ನಿಸ್ತು. ಅವರು ರೂಲೆಟ್ ಮೇಜಿನ ಹತ್ರ ನಂಬರ್ ಹೇಳ್ತಾರ, ನಾನು ಕಾರ್ಡ್ ತಗೊಂಡು ಸ್ಲಾಟ್ ಮಷಿನ್ ಮುಂದೆ ಕೂಡ್ತೀನಿ. ಪಾಯಿಂಟೆಲ್ಲ ಒಂದೇ ಗಂಟಿಗೆ.

ರಾತ್ರಿ ಹನ್ನೊಂದರ ಸುಮಾರಿಗೆ ನಾನು ಆಡ್ತಿದ್ದ ಮಷಿನ್ ತಟಕ್ಕನ ನಿಂತುಬಿಡ್ತು, ಮೇಲಿನ ದೀಪ ಮಿಣಮಿಣ ಅನ್ನಾಕ ಶುರುವಾತು. ಓವರ್‌ಲಾಕ್‌ನಾಗ ದಾರ ಸಿಕ್ಕೊಂಡಾಗ ಹಿಂಗೇ ನಿಲ್ಲತೈತಿ, ನಾನೇನೋ ಕೆಡಿಸಿದೆ ಅಂತ ಕೈ ಹಿಂದಕ್ಕೆ ತಗೊಂಡೆ. ಓಡಿ ಬಂದ ಹುಡುಗ ನನ್ನ ಮುಖ ನೋಡಲಿಲ್ಲ. ಮಷಿನ್ ಒಳಗಿನ ಕಾರ್ಡಿನ ಹೆಸರು ನೋಡಿ "ಸರ್ ಎಲ್ಲಿ?" ಅಂತ ಕೇಳಿದ.

ಸರ್ ಬಂದ್ರು. ಫೋನಿನಾಗಿದ್ದ ಪ್ಯಾನ್ ತೋರಿಸಿದ್ರು, ಸಹಿ ಹಾಕಿದ್ರು. ಬಿದ್ದಿದ್ದು 1,40,000. ಅದರಾಗ 42,000 ಟಿಡಿಎಸ್, ಅಂದ್ರ ಕೊಡೋ ಮುಂಚೇನ ಹಿಡಿಯೋ ತೆರಿಗಿ, ಮುರಿದು 98,000 ಅವರ ಖಾತೆಗೆ ಹಾಕಿದ್ರು. ನನ್ನ ಪ್ಯಾನ್ ಕಾರ್ಡು ಬಳ್ಳಾರಿಯಾಗ ಬಿಸ್ಕೀಟ್ ಡಬ್ಬಿಯೊಳಗೆ ಮಲಗಿತ್ತು. ಖಾತೆ ತೆಗೆಯಾಕ ಮಾಡಿಸಿದ್ದು, ಆಮೇಲೆ ಅದಕ್ಕ ಕೆಲಸನೇ ಬಿದ್ದಿಲ್ಲ.

ಈಗ ನಮ್ಮ ನಾದಿನಿ ಹೇಳ್ತಾಳ, "ನಿನ್ನ ಹೆಸರಿಗೆ ತಗೊಂಡಿದ್ದರ ನಿನಗೇನೂ ಆದಾಯ ಇಲ್ಲಲ್ಲ, 42,000 ಪೂರ್ತಿ ರಿಫಂಡ್ ಬರ್ತಿತ್ತು" ಅಂತ. ಅವತ್ತಿನಿಂದ ನನಗ ನಿದ್ದಿ ಇಲ್ಲ. ಇದು ಖರೇನಾ? ಅವತ್ತೇ ಇಬ್ಬರೂ ಕೂಡಿ 26,000 ಕಳಕೊಂಡೀವಿ, ಅದನ್ನ ಗೆದ್ದದ್ದರಾಗ ಕಳೆಯಾಕ ಬರತೈತಾ? ಮುಂದೆ ಒಂದೇ ಕಾರ್ಡು ಇಟ್ಕೊಳ್ಳೋದಾ, ಬ್ಯಾರೆ ಮಾಡಿಸೋದಾ?

ಲೆಕ್ಕದವ (ಕೊಪ್ಪಳ)

ಮೇಡಂ, ನಿಮ್ಮ ನಾದಿನಿ ಹೇಳಿದ್ದು ಬ್ಯಾಂಕ್ ಬಡ್ಡಿಗೆ ಸರಿ, ಜಾಕ್‌ಪಾಟಿಗೆ ಅಲ್ಲ. ನೆಮ್ಮದಿಯಾಗಿ ನಿದ್ದೆ ಮಾಡಿ.

ಲಾಟರಿ, ಕುದುರೆ ಜೂಜು, ಇಸ್ಪೀಟು, ಕ್ಯಾಸಿನೊ ಗೆಲುವಿಗೆ ಆದಾಯಕ್ಕೆ ತಕ್ಕ ದರದ ಸ್ಲ್ಯಾಬ್ ಅನ್ನೋದೇ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 115ಬಿಬಿ ಪ್ರಕಾರ ಮೊದಲ ರೂಪಾಯಿಯಿಂದಲೇ ಶೇ 30, ಅದರ ಮೇಲೆ ಶೇ 4 ಸೆಸ್. ಬೇರೆ ಆದಾಯ ಸೊನ್ನೆ ಇದ್ದವರಿಗೂ ಮೂಲ ವಿನಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಕಡಿಮೆ ಆದಾಯದವರ 87ಎ ರಿಯಾಯಿತಿಯೂ ಇಲ್ಲ. 1,40,000ಕ್ಕೆ ತೆರಿಗೆ 43,680. ಮುರಿದುಕೊಂಡಿದ್ದು 42,000. ಅಂದರೆ ರಿಫಂಡ್ ಬರುವುದು ಹಾಗಿರಲಿ, ರಿಟರ್ನ್ ಸಲ್ಲಿಸುವಾಗ ಇನ್ನೂ 1,680 ಕಟ್ಟಬೇಕು. ಆ ಪದ್ಧತಿಯಲ್ಲಿ ನಿಮ್ಮ ಹೆಸರಿಗಿದ್ದರೂ ಇಷ್ಟೇ, ಅವರ ಹೆಸರಿಗಿದ್ದರೂ ಇಷ್ಟೇ.

ಕಳೆದುಕೊಂಡ 26,000 ಮರೆತುಬಿಡಿ. ಸೆಕ್ಷನ್ 58(4) ಇಂಥ ಗೆಲುವಿನಲ್ಲಿ ಒಂದು ಪೈಸೆ ಖರ್ಚನ್ನೂ ಕಳೆಯಲು ಬಿಡುವುದಿಲ್ಲ. ರೈಲು ಚಾರ್ಜು, ಹಡಗಿನ ಪ್ರವೇಶ ಶುಲ್ಕ ಯಾವುದೂ ಇಲ್ಲ.

ಹೆಸರಿನಿಂದ ವ್ಯತ್ಯಾಸ ಆಗುವ ಜಾಗ ಒಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಯಜಮಾನರು ಸಣ್ಣ ಯೂನಿಟ್ ಆದ್ದರಿಂದ 44ಎಡಿ ಅಡಿ ಅಂದಾಜು ಲಾಭ ತೋರಿಸಿ ಐಟಿಆರ್-4 ಹಾಕುತ್ತಿರಬಹುದು. ಜಾಕ್‌ಪಾಟ್ ಬಂದ ವರ್ಷ ಆ ಫಾರಂ ನಡೆಯುವುದಿಲ್ಲ, ಐಟಿಆರ್-3ಕ್ಕೆ ಹೋಗಬೇಕು. ಅದು ಉದ್ದದ ಫಾರಂ, ಫೀಯೂ ಜಾಸ್ತಿ. ನಿಮ್ಮ ಹೆಸರಿನಲ್ಲಿದ್ದಿದ್ದರೆ ನಿಮಗೆ ವ್ಯಾಪಾರ ಇಲ್ಲದ ಕಾರಣ ಐಟಿಆರ್-2 ಸಾಕಿತ್ತು.

ಇನ್ನು ಕಾರ್ಡು ಹಂಚಿಕೊಳ್ಳುವ ವಿಚಾರ. 2023ರ ಏಪ್ರಿಲ್‌ನಿಂದ ಎರಡು ವರ್ಷ, ಇಡೀ ವರ್ಷದ ಗೆಲುವು ಕೂಡಿಸಿ 10,000 ದಾಟಿದರೆ ಟಿಡಿಎಸ್ ಅಂತ ಇತ್ತು. ಆಗ ಇಬ್ಬರ ಗೆಲುವೂ ಒಂದೇ ಹೆಸರಿಗೆ ಬಿದ್ದರೆ ಬೇಗ ದಾಟುತ್ತಿತ್ತು. 2025ರ ಏಪ್ರಿಲ್ 1ರಿಂದ ಒಂದೊಂದು ಗೆಲುವಿಗೆ ಬೇರೆ ಬೇರೆ 10,000ದ ಮಿತಿ. ಆದ್ದರಿಂದ ಆ ತಲೆನೋವು ತಪ್ಪಿದೆ.

ಗಂಗಾವತಿ ಮಾವ

ತಂಗಿ, ಬುದ್ಧಿ ಹೇಳಬ್ಯಾಡ ಅಂದೀಯಲ್ಲ, ಹೇಳಂಗಿಲ್ಲ. ನಮ್ಮೂರಾಗ ದೀಪಾವಳಿ ಅಮಾಸಿಗೆ ಬಣವಿ ಹಿಂದ ಅಂದರ್-ಬಾಹರ್ ಹಾಕ್ತಿದ್ರು. ಪೊಲೀಸರು ಬಂದ್ರ ಪೊಲೀಸ್ ಕಾಯ್ದೆಯ ಸೆಕ್ಷನ್ 87, ಸುತ್ತ ಕುಂತವರ ಹೆಸರೆಲ್ಲ ಬರಕೋತಿದ್ರು. ಒಬ್ಬಾಂವ ನೀರು ಕೊಡಾಕ ಬಂದಾಂವ, ಅವನ ಹೆಸರೂ ಹೋತು. ಗೆದ್ದಾಗ ಹೆಸರು ಸಿಗಂಗಿಲ್ಲ, ಸಿಕ್ಕಾಗ ಸಿಗತೈತಿ.

ಒಂದು ಕೇಳ್ತೀನಿ, ನಗದು ಕೊಡ್ರಿ ಅಂದಿದ್ದರ ಈ ರಗಳಿನೇ ಇರತಿರಲಿಲ್ಲಲ್ಲ?

ಲೆಕ್ಕದವ (ಕೊಪ್ಪಳ)

ಮಾವ, ನಗದು ತಗೊಂಡರೂ ಟಿಡಿಎಸ್ ಮುರಿದೇ ಕೊಡುತ್ತಾರೆ, ಪ್ಯಾನ್ ಬರೆದುಕೊಳ್ಳುತ್ತಾರೆ. ಎರಡು ಲಕ್ಷ ಮುಟ್ಟಿದರಂತೂ ನಗದು ತಗೊಳ್ಳುವುದೇ ತಪ್ಪು, ಸೆಕ್ಷನ್ 269ಎಸ್‌ಟಿ. ತಗೊಂಡವರಿಗೆ ಅಷ್ಟೇ ಮೊತ್ತದ ದಂಡ.

ರಾಯಚೂರು ಟು ರೀನೋ

ಅಕ್ಕಾ, ನಿಮ್ಮದು ಓದಿ ನಮ್ಮವ್ವನ ಕಥಿ ನೆನಪಾತು. ನಾನು ಇರೋದು ಅಮೆರಿಕದ ನೆವಾಡಾದಾಗ, ಇಲ್ಲಿ ಕಿರಾಣಿ ಅಂಗಡಿಯೊಳಗೂ ಸ್ಲಾಟ್ ಮಷಿನ್ ಇರ್ತಾವ. 2024ರಾಗ ಅಪ್ಪ-ಅವ್ವ ವಿಸಿಟರ್ ವೀಸಾದ ಮೇಲೆ ಬಂದಿದ್ರು. ಅಪ್ಪನ ಕಾರ್ಡ್ ಹಾಕ್ಕೊಂಡು ಅವ್ವ ಆಡ್ತಿದ್ಲು, 1,500 ಡಾಲರ್ ಬಿತ್ತು. ಬಂದ ಹೆಣ್ಮಗಳು ಕೇಳಿದ ಮೊದಲ ಮಾತು "ಬಟನ್ ಒತ್ತಿದವರು ಯಾರು?" ಅಪ್ಪ ಮುಂದೆ ಬಂದ್ರು. ಆಕಿ ಮೇಲಿನ ಕ್ಯಾಮೆರಾ ಕಡೆ ಕೈ ತೋರಿಸಿ ಅವ್ವನ ಪಾಸ್‌ಪೋರ್ಟ್ ಕೇಳಿದ್ಲು. ನಮ್ಮವ್ವ ಜೀವಮಾನದಾಗ ಅಷ್ಟು ಸೊಂಟ ನೆಟ್ಟಗ ಮಾಡಿ ನಿಂತಿದ್ದು ನಾನು ನೋಡಿಲ್ಲ. ಹೊರದೇಶದವರು ಅಂತ ಶೇ 30 ಹಿಡಿದು 1,050 ಕೈಗೆ ಕೊಟ್ರು, 1042-ಎಸ್ ಅಂತ ಚೀಟಿ. ಅದೇ ಬ್ಲ್ಯಾಕ್‌ಜಾಕ್, ರೂಲೆಟ್ ಗೆದ್ದಿದ್ದರ ಹೊರದೇಶದವರಿಗೆ ಆ ತೆರಿಗೆ ಇಲ್ಲ.

ಇಲ್ಲಿ ಕಾರ್ಡು ಅಂದ್ರ ಪಾಯಿಂಟ್ ಎಣಿಸೋ ಚೀಲ ಅಷ್ಟೇ. ಕಾರ್ಡ್ ಹಾಕಿದ್ರೂ ತೆಗೆದ್ರೂ ಮಷಿನ್ ಕೊಡೋದು ಬದಲಾಗಂಗಿಲ್ಲ. ದುಡ್ಡು ಒತ್ತಿದವರಿಗೆ. 2017ರಾಗ ಫ್ಲಾರಿಡಾದಾಗ ಒಬ್ಬ ಮನುಷ್ಯ ಅದೃಷ್ಟ ಬರಲಿ ಅಂತ ಜೊತೆಗಿದ್ದ ಗೆಳತಿ ಕೈಲಿ ಒತ್ತಿಸಿದ. ಹಾಕಿದ ದುಡ್ಡು ಅವನದು, 1,00,000 ಡಾಲರ್ ಜಾಕ್‌ಪಾಟ್ ಹೋಗಿದ್ದು ಆಕೆಗೆ.

ಇಲ್ಲಿನವರು ಗಂಡ-ಹೆಂಡತಿ ಒಂದೇ ರಿಟರ್ನ್ ಹಾಕೋದರಿಂದ ಹೆಸರಿನ ಜಗಳ ಕಡಿಮಿ. ಆದ್ರೂ ನಾನು ಬ್ಯಾರೆ ಬ್ಯಾರೆ ಕಾರ್ಡ್ ಮಾಡಿಸ್ರಿ ಅಂತೀನಿ. ವರ್ಷದ ಕೊನಿಗೆ ಕ್ಯಾಸಿನೊದವರು ಕಾರ್ಡ್ ಪ್ರಕಾರ ಗೆಲುವು-ಸೋಲಿನ ಪಟ್ಟಿ ಕೊಡ್ತಾರ. ಇಬ್ಬರದೂ ಕಲೆತರೆ ಯಾರು ಎಷ್ಟು ಕಳಕೊಂಡ್ರು ಅನ್ನೋದೇ ತಿಳಿಯಂಗಿಲ್ಲ. ನೀವೂ ಅಂಥ ಪಟ್ಟಿ ಕೇಳಿ ನೋಡ್ರಿ.

ಕೌಲ್‌ಬಜಾರ್ ಟೇಲರಮ್ಮ (ಬಳ್ಳಾರಿ)

ರೀನೋ ತಮ್ಮಾ, ನಿಮ್ಮವ್ವಗ ನನ್ನ ನಮಸ್ಕಾರ ಹೇಳಪ್ಪ.

ನೀನು ಹೇಳಿದಂಗ ಹಡಗಿನವರಿಗೆ ಫೋನ್ ಹಚ್ಚಿ ಲೆಕ್ಕ ಕೇಳಿದೆ. ಕಾರ್ಡು ಯಾರ ಹೆಸರಿಗೈತೋ ಅವರೇ ಕೇಳಬೇಕಂತ, ಫೋನ್ ಅವರ ಕೈಗೆ ಕೊಟ್ಟೆ. ಮೇಜಿನ ಆಟ ಬ್ಯಾರೆ, ಸ್ಲಾಟ್ ಬ್ಯಾರೆ ಅಂತ ಬರೆದು ಕಳಿಸಿದ್ರು. ಆ 26,000ದಾಗ ನನ್ನ ಸ್ಲಾಟಿಂದು 7,000, ರೂಲೆಟ್ಟಿಂದು 19,000. ನಮ್ಮ ಮನೆಯವರು ಇಷ್ಟು ದಿನ ಊರಿಗೆಲ್ಲ ಉಲ್ಟಾ ಹೇಳ್ಕೊಂಡು ಬಂದಾರ. ಪೀಸ್ ಪುಸ್ತಕದ ಹಿಂದಿನ ಹಾಳಿಗೆ ಆ ಎರಡು ನಂಬರ್ ಬರೆದು ಇಟ್ಟೀನಿ.

ಲೆಕ್ಕದವರೇ, ಇನ್ನೂ ಎರಡು ಮಾತು ಹೇಳ್ರಿ. ಹೋದ ಸಲಕ್ಕಿಂತ ಈ ಸಲ ದುಡ್ಡು ಕೊಟ್ಟ ಕೂಡಲೇ ಜಿಎಸ್‌ಟಿ ಅಂತ ಜಾಸ್ತಿ ಹೋತು, ಅದಾದರೂ ಈ ತೆರಿಗಿಯೊಳಗೆ ಕಡಿಮಿ ಆಗತೈತಾ? ಅವರ ಖಾತೆಗೆ ಬಂದ 98,000 ನನ್ನ ಖಾತೆಗೆ ಹಾಕಿಸಿಕೊಂಡ್ರ ಅದಕ್ಕ ಮತ್ತ ತೆರಿಗಿ ಐತಾ?

ಲೆಕ್ಕದವ (ಕೊಪ್ಪಳ)

ಜಿಎಸ್‌ಟಿ ಬೇರೆ ಚೀಲ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. 2023ರ ಅಕ್ಟೋಬರ್ 1ರಿಂದ ಕ್ಯಾಸಿನೊದಲ್ಲಿ ಚಿಪ್ಸ್, ಟೋಕನ್‌ಗೆ ಕೊಟ್ಟ ಪೂರ್ತಿ ಹಣದ ಮೇಲೆ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 40. ನಿಮಗೆ ಜಾಸ್ತಿ ಅನ್ನಿಸಿದ್ದು ಅದಕ್ಕೇ. ಗೆದ್ದ ಹಣದಲ್ಲೇ ಮತ್ತೆ ಆಡಿದರೆ ಅದಕ್ಕೆ ಇನ್ನೊಮ್ಮೆ ಬೀಳುವುದಿಲ್ಲ.

98,000 ನಿಮ್ಮ ಖಾತೆಗೆ ಬಂದರೆ ತೆರಿಗೆ ಇಲ್ಲ, ಗಂಡ ಹೆಂಡತಿಗೆ ಕೊಟ್ಟದ್ದು ಉಡುಗೊರೆ ಲೆಕ್ಕ. ಆದರೆ ಕಾಗದದಲ್ಲಿ ಗೆಲುವು ಅವರದಾಗಿರುವ ತನಕ, ಆ ದುಡ್ಡನ್ನು ನೀವು ಎಫ್‌ಡಿ ಇಟ್ಟರೆ ಬಡ್ಡಿ ಮತ್ತೆ ಅವರ ಆದಾಯಕ್ಕೇ ಸೇರುತ್ತದೆ.

ನಿಜವಾಗಿ ಗೆದ್ದವರು ನೀವೇ ಆದ್ದರಿಂದ ಸರಿಪಡಿಸುವ ದಾರಿಯೂ ಇದೆ. ಆದಾಯ ತೆರಿಗೆ ನಿಯಮ 37ಬಿಎ ಪ್ರಕಾರ, "ಈ ಆದಾಯ ನನ್ನದಲ್ಲ, ನನ್ನ ಹೆಂಡತಿಯದು" ಅಂತ ಕಾರಣ ಸಮೇತ, ನಿಮ್ಮ ಹೆಸರು, ವಿಳಾಸ, ಪ್ಯಾನ್ ಬರೆದು ಯಜಮಾನರು ಕ್ಯಾಸಿನೊದವರಿಗೆ ಘೋಷಣೆ ಕೊಡಬೇಕು. ಅವರು ಒಪ್ಪಿದರೆ ಟಿಡಿಎಸ್ ನಿಮ್ಮ ಪ್ಯಾನಿಗೆ ಬರುತ್ತದೆ. ಹೊಸ ಪದ್ಧತಿಯಲ್ಲಿ ತೆರಿಗೆಯೇನೂ ಉಳಿಯುವುದಿಲ್ಲ, ಐಟಿಆರ್-3ರ ರಗಳೆ ಒಂದು ತಪ್ಪುತ್ತದೆ. ಅವತ್ತು ಸಹಿ ಮಾಡಿದವರು ಅವರೇ ಆದ್ದರಿಂದ ಹಡಗಿನವರು ತಕರಾರು ತೆಗೆಯಬಹುದು, ಕೇಳಿ ನೋಡಿ.

ಕೌಲ್‌ಬಜಾರ್ ಟೇಲರಮ್ಮ (ಬಳ್ಳಾರಿ)

ನಮ್ಮ ಆಡಿಟರ್ ಹತ್ರ ಹೋಗಿ ಬಂದ್ವಿ. ಐಟಿಆರ್-3ಕ್ಕೆ ಯಾವಾಗಲೂ ತಗೊಳ್ಳೋದಕ್ಕಿಂತ ಎರಡು ಸಾವಿರ ಜಾಸ್ತಿ ಅಂದ್ರು. ಮೆಟ್ಟಿಲಿಳಿಯುವಾಗ ಮನೆಯವರು, "ಆ ಎರಡು ಸಾವಿರ ನಿನ್ನ ಜಾಕ್‌ಪಾಟಿನಾಗ ಮುರ್ಕೋತೀನಿ ನೋಡು" ಅಂದ್ರು.

ನಿನ್ನ ಜಾಕ್‌ಪಾಟ್ ಅಂತ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. "ಹಂಗಾದರ ಅದನ್ನೇ ಬರೆದು ಸಹಿ ಹಾಕಿ ಕೊಡ್ರಿ, ಹಡಗಿನವರಿಗೆ ಕಳಿಸೋಣ, ಎರಡು ಸಾವಿರನೂ ಉಳಿತೈತಿ" ಅಂದೆ. ಬಿಸ್ಕೀಟ್ ಡಬ್ಬಿಯಿಂದ ಪ್ಯಾನ್ ತೆಗೆದು ಟೇಬಲ್ ಮೇಲೆ ಇಟ್ಟೀನಿ. ಪೆನ್ ತರ್ತೀನಿ ಅಂತ ವಾಷಿಂಗ್ ಯೂನಿಟ್ ಕಡೆ ಹೋದೋರು ಇನ್ನೂ ಬಂದಿಲ್ಲ.