ಹಳೆಯ ಮ್ಯಾಚ್ ಏರ್ ರೈಫಲ್ ಕೊಂಡು ಹಂತಹಂತವಾಗಿ ಸುಧಾರಿಸಿಕೊಳ್ಳುವುದು ಸರಿಯೇ?

ಪ್ರಶ್ನೆ: ಕಾರವಾರದ ಪಾಲಕ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 16 ವರ್ಷ. ಎನ್‌ಸಿಸಿ ಶಿಬಿರದಲ್ಲಿ ಮೊದಲ ಬಾರಿಗೆ .22 ರೈಫಲ್ ಹಿಡಿದ ದಿನದಿಂದ ಅವಳ ಮನಸ್ಸು ಗುರಿ ಹೊಡೆಯುವುದರಲ್ಲೇ ನೆಟ್ಟಿದೆ. ಒಂದೂವರೆ ವರ್ಷದಿಂದ ಮನೆಯ ಉದ್ದನೆಯ ಪಡಸಾಲೆಯಲ್ಲಿ 10 ಮೀಟರ್ ಅಳೆದು, ಕೊನೆಯಲ್ಲಿ ಗುಂಡು ತಡೆಯುವ ಕಬ್ಬಿಣದ ಪೆಟ್ಟಿಗೆಯಿಟ್ಟು, ಬ್ಯಾರಲ್ ಮಡಚಿ ಗುಂಡು ತುಂಬುವ ದೇಶೀ ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾಳೆ. ಅವಳ ನಿಲುವು ಸುಧಾರಿಸಿದೆ, ಆದರೆ ಅಂಕಗಳು ಕೆಲವು ತಿಂಗಳಿಂದ ಒಂದೇ ಕಡೆ ನಿಂತುಬಿಟ್ಟಿವೆ.

ಈಗ ಹುಬ್ಬಳ್ಳಿಯ ಒಬ್ಬರು ತಾವು ಬಳಸಿದ ಜರ್ಮನ್ ಮ್ಯಾಚ್ (ಸ್ಪರ್ಧೆಗೆಂದೇ ಮಾಡಿದ) ಏರ್ ರೈಫಲ್ ಅನ್ನು ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಡಲು ಸಿದ್ಧರಿದ್ದಾರೆ. ಅದು 200 ಬಾರ್ (ಹೊರಗಿನ ಗಾಳಿಯ ಸುಮಾರು 200 ಪಟ್ಟು) ಒತ್ತಡದ ಗಾಳಿ ತುಂಬುವ ಸಿಲಿಂಡರ್ ಇರುವ ಪಿಸಿಪಿ ಮಾದರಿ, ಅಂದರೆ ಮೊದಲೇ ತುಂಬಿಟ್ಟ ಗಾಳಿಯಿಂದ ಗುಂಡು ಹೊಡೆಯುವಂಥದ್ದು. ಸ್ಟಾಕ್ (ರೈಫಲ್‌ನ ಹಿಡಿಯುವ ಒಡಲು) ಮರದ್ದು, ಹಿಂಬದಿಯ ಪೀಪ್ ಸೈಟ್ (ಗುರಿ ನೋಡುವ ಕಿರುತೂತು) ಸವೆದಿದೆ, ಬಟ್ ಪ್ಲೇಟ್ (ಭುಜಕ್ಕೆ ಒತ್ತುವ ತುದಿ) ಹಳೆಯ ಕಾಲದ್ದು. ಇದನ್ನೇ ಆಧಾರವಾಗಿ ಇಟ್ಟುಕೊಂಡು ವರ್ಷಕ್ಕೊಂದು ಭಾಗ ಬದಲಾಯಿಸುತ್ತ ಹೋಗಬಹುದೆಂಬುದು ನನ್ನ ಲೆಕ್ಕ.

ಅಮೆರಿಕದಲ್ಲಿರುವ ನನ್ನ ಭಾವ ಬೇರೆಯದೇ ಸಲಹೆ ಕೊಡುತ್ತಾರೆ. ಅವರ ಬಳಿ ರೂಗರ್ 10/22 ಎಂಬ ಸೆಮಿ ಆಟೊಮ್ಯಾಟಿಕ್ (ಪ್ರತಿ ಹೊಡೆತದ ನಂತರ ಮುಂದಿನ ಗುಂಡು ತಾನೇ ಏರುವ) .22 ರೈಫಲ್ ಇದ್ದು, ಅದರ ಬ್ಯಾರಲ್, ಟ್ರಿಗರ್, ಸ್ಟಾಕ್ ಎಲ್ಲವನ್ನೂ ಅವರು ಒಂದೊಂದಾಗಿ ಬದಲಾಯಿಸಿಕೊಂಡಿದ್ದಾರೆ. "ಆಧಾರವೆಂದರೆ ಅಂಥದ್ದಿರಬೇಕು, ಏರ್ ರೈಫಲ್‌ನಲ್ಲಿ ಬದಲಾಯಿಸಲು ಏನಿದೆ?" ಎಂಬುದು ಅವರ ವಾದ. ನಮ್ಮ ಕರಾವಳಿಯ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಹತ್ತಿರದಲ್ಲಿ ರಿಪೇರಿ ಮಾಡುವವರಿಲ್ಲದ ಪರಿಸ್ಥಿತಿ ಇವೆಲ್ಲವನ್ನೂ ಗಮನದಲ್ಲಿಟ್ಟುಕೊಂಡು, ಕೊಳ್ಳುವ ಮೊದಲು ನಾನು ಏನನ್ನು ಪರೀಕ್ಷಿಸಬೇಕೆಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1: ಶಿರಸಿಯ ಹಳೆಯ ಶೂಟರ್

ಮೊದಲು ನಿಮ್ಮ ಭಾವನವರ ಮಾತನ್ನೇ ತೆಗೆದುಕೊಳ್ಳೋಣ, ಏಕೆಂದರೆ ಅದರಲ್ಲಿ ಒಂದು ಸತ್ಯವಿದೆ. 1964ರಲ್ಲಿ ಮಾರುಕಟ್ಟೆಗೆ ಬಂದ ಆ ರೈಫಲ್‌ನ ಬ್ಯಾರಲ್ ಅನ್ನು ವಿ ಆಕಾರದ ಒಂದು ತುಂಡು ಮತ್ತು ಎರಡು ಸ್ಕ್ರೂಗಳು ಹಿಡಿದಿರುತ್ತವೆ. ಆದ್ದರಿಂದಲೇ ಅಲ್ಲಿನವರು ಸಾಧಾರಣ ರೈಫಲ್ ಕೊಂಡು, ಒಳ್ಳೆಯ ಬ್ಯಾರಲ್ ಮತ್ತು ಟ್ರಿಗರ್ ಅನ್ನು ಆಮೇಲೆ ಕೂಡಿಸಿಕೊಳ್ಳುತ್ತಾರೆ. ಮ್ಯಾಚ್ ಏರ್ ರೈಫಲ್‌ನಲ್ಲಿ ಲೆಕ್ಕ ತಿರುಗುಮುರುಗು: ಬ್ಯಾರಲ್ ಮತ್ತು ಟ್ರಿಗರ್ ಕಾರ್ಖಾನೆಯಿಂದಲೇ ಅತ್ಯುತ್ತಮವಾಗಿ ಬರುತ್ತವೆ, ಬದಲಾಯಿಸುವುದೆಲ್ಲ ಹೊರಗಿನ ಭಾಗಗಳನ್ನು. ಹಾಗಾಗಿ ನೀವು ಬದಲಾಯಿಸಲಾಗದ ಭಾಗಗಳನ್ನು ಮಾತ್ರ ಕಟ್ಟುನಿಟ್ಟಾಗಿ ಪರೀಕ್ಷಿಸಿ. ಸವೆದ ಪೀಪ್ ಸೈಟ್, ಹಳೆಯ ಬಟ್ ಪ್ಲೇಟ್ ಇವು ಬೆಲೆ ಇಳಿಸಲು ನಿಮಗೆ ನೆರವಾಗುತ್ತವೆಯೇ ಹೊರತು ಕೊಳ್ಳದಿರಲು ಕಾರಣಗಳಲ್ಲ. ಇನ್ನು ಅಂತಾರಾಷ್ಟ್ರೀಯ ನಿಯಮದಂತೆ 10 ಮೀಟರ್ ಏರ್ ರೈಫಲ್‌ನಲ್ಲೂ 50 ಮೀಟರ್ .22 ಸ್ಪರ್ಧೆಯಲ್ಲೂ ಒಂದೊಂದೇ ಗುಂಡು ತುಂಬಿ ಹೊಡೆಯಬೇಕು. ಸೆಮಿ ಆಟೊಮ್ಯಾಟಿಕ್‌ಗೆ ಅಲ್ಲಿ ಜಾಗವೇ ಇಲ್ಲ.

ನಿಮ್ಮ ಮಗಳ ಅಂಕ ನಿಂತಿರುವುದಕ್ಕೆ ಸ್ಪ್ರಿಂಗ್ ರೈಫಲ್ ದೊಡ್ಡ ಕಾರಣವಿರಬಹುದು. ಟ್ರಿಗರ್ ಎಳೆದ ಮೇಲೆ ಅದರೊಳಗಿನ ಭಾರವಾದ ಪಿಸ್ಟನ್ ಮುಂದಕ್ಕೆ ಧಾವಿಸಿ, ಗಾಳಿಯ ಮೆತ್ತೆಗೆ ಬಡಿದು ನಿಲ್ಲುವಾಗ ರೈಫಲ್ ಮೊದಲು ಹಿಂದಕ್ಕೂ ನಂತರ ಮುಂದಕ್ಕೂ ಅದಿರುತ್ತದೆ, ಮತ್ತು ಈ ಅದಿರಾಟ ಗುಂಡು ಬ್ಯಾರಲ್ ಬಿಡುವ ಮೊದಲೇ ಶುರುವಾಗಿರುತ್ತದೆ. 10 ಮೀಟರ್ ಗುರಿಹಲಗೆಯ ಹತ್ತನೆಯ ಉಂಗುರ ಕೇವಲ 0.5 ಮಿ.ಮೀ. ವ್ಯಾಸದ ಚುಕ್ಕೆ. ಇಡೀ ಕಪ್ಪು ವೃತ್ತವೇ 30.5 ಮಿ.ಮೀ. ಅಷ್ಟು ಸಣ್ಣ ಗುರಿಗೆ ಸ್ಪ್ರಿಂಗ್ ರೈಫಲ್‌ನಲ್ಲಿ ಎಷ್ಟೇ ದುಡ್ಡು ಹಾಕಿದರೂ ಅದು ಆಧಾರವಾಗಲಾರದು. ಅದರಲ್ಲಿ ಕಲಿತ ಶಿಸ್ತು ಮಾತ್ರ ವ್ಯರ್ಥವಾಗುವುದಿಲ್ಲ. ಆ ಅದಿರಾಟವನ್ನು ಪ್ರತಿ ಸಲವೂ ಒಂದೇ ರೀತಿ ಹಿಡಿಯಲು ಕಲಿತವಳಿಗೆ ಪಿಸಿಪಿ ಬೇಗ ಒಲಿಯುತ್ತದೆ.

ಹುಬ್ಬಳ್ಳಿಗೆ ಹೋದಾಗ ಎಲ್ಲಕ್ಕಿಂತ ಮೊದಲು ಸಿಲಿಂಡರ್ ಮೇಲೆ ಕೊರೆದ ತಯಾರಿಕೆಯ ವರ್ಷವನ್ನು ಓದಿ. ತಯಾರಕರು ಇವಕ್ಕೆ 10 ವರ್ಷದ ಆಯುಷ್ಯ ಹೇಳುತ್ತಾರೆ. ಅವಧಿ ಮೀರಿದ ಸಿಲಿಂಡರ್ ಅನ್ನು ಸ್ಪರ್ಧೆಯಲ್ಲಿ ತಡೆಯಬಹುದು. ಅದಕ್ಕಿಂತ ಮುಖ್ಯವಾಗಿ, 200 ಬಾರ್ ಒತ್ತಡವನ್ನು ನಿಮ್ಮ ಮಗಳು ತನ್ನ ಮುಖದ ಹತ್ತಿರ ಹಿಡಿದು ನಿಲ್ಲುತ್ತಾಳೆಂಬುದನ್ನು ಮರೆಯಬೇಡಿ. ಅವಧಿ ಮುಗಿದಿದ್ದರೆ, ಆ ಮಾದರಿಯ ಎಳೆಗೆ (ಜೋಡಿಸುವ ಸ್ಕ್ರೂ ತಿರುಪಿಗೆ) ಸರಿಹೊಂದುವ ಹೊಸ ಸಿಲಿಂಡರ್ ಇಂದಿಗೂ ಸಿಗುತ್ತದೆಯೇ ಎಂದು ಹಣ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಿ. ಸಿಗುವುದಿಲ್ಲವಾದರೆ ಮಾತು ಅಲ್ಲಿಗೇ ಮುಗಿಯಿತು, ಉಳಿದ ಪರೀಕ್ಷೆಗಳ ಅಗತ್ಯವಿಲ್ಲ.

ಎರಡನೆಯದು ರೆಗ್ಯುಲೇಟರ್. ಸಿಲಿಂಡರ್‌ನ ಒತ್ತಡ ಗುಂಡಿನಿಂದ ಗುಂಡಿಗೆ ಇಳಿಯುತ್ತ ಹೋದರೂ ಕವಾಟಕ್ಕೆ ಸಿಗುವ ಒತ್ತಡ ಒಂದೇ ಸಮನಾಗಿರುವಂತೆ ನೋಡಿಕೊಳ್ಳುವ ಭಾಗವದು. ವೇಗಮಾಪಕ ಯಂತ್ರ ಇರುವ ಕಡೆ ಸತತ 10 ಗುಂಡು ಹೊಡೆದು ವೇಗ ಬರೆದುಕೊಳ್ಳಿ. ಮ್ಯಾಚ್ ರೈಫಲ್‌ಗಳು ಸುಮಾರು 170ರಿಂದ 175 ಮೀಟರ್ ಪ್ರತಿ ಸೆಕೆಂಡ್ ವೇಗದಲ್ಲಿ ಕೆಲಸ ಮಾಡುತ್ತವೆ. ಆ 10 ಗುಂಡುಗಳ ನಡುವಿನ ವ್ಯತ್ಯಾಸ ಮೂರ್ನಾಲ್ಕು ಮೀಟರ್ ದಾಟಬಾರದು. ಆಮೇಲೆ ರೈಫಲ್ ಅನ್ನು ಅರ್ಧ ಗಂಟೆ ಸುಮ್ಮನೆ ಇಟ್ಟು ಇನ್ನೊಂದು ಗುಂಡು ಹೊಡೆಯಿರಿ. ಅದರ ವೇಗ ಥಟ್ಟನೆ ಏರಿದ್ದರೆ, ರೆಗ್ಯುಲೇಟರ್‌ನ ಒಳಗೆ ಗಾಳಿಯನ್ನು ತಡೆದು ಹಿಡಿಯುವ ಸೀಟು ಸವೆದು ಗಾಳಿ ಮೆಲ್ಲನೆ ಆಚೆ ಬದಿಗೆ ಜಿನುಗುತ್ತಿದೆ ಎಂದರ್ಥ. ಅವಸರದಲ್ಲಿ ಕೊಳ್ಳುವವರು ಈ ಒಂದು ಪರೀಕ್ಷೆಯನ್ನೇ ಬಿಡುತ್ತಾರೆ. ನಾನೂ ಹಿಂದೊಮ್ಮೆ ಬಿಟ್ಟು, ಇಡೀ ಒಂದು ಹಂಗಾಮು ಮೊದಲ ಗುಂಡು ಮೇಲಕ್ಕೆ ಹೋಗುವುದು ನನ್ನ ಉಸಿರಾಟದ ದೋಷವೆಂದೇ ನಂಬಿ ಕಳೆದೆ.

ಮೂರನೆಯದಾಗಿ ಬ್ಯಾರಲ್. ಮೇಜಿನ ಮೇಲೆ ಆಸರೆ ಕೊಟ್ಟು 10 ಗುಂಡುಗಳ ಗುಂಪು ಹೊಡೆದು ನೋಡಿ. ಒಂದೇ ಬಗೆಯ ಪೆಲೆಟ್‌ನಿಂದ (ಏರ್ ರೈಫಲ್‌ನ ಗುಂಡಿನಿಂದ) ತೀರ್ಮಾನಕ್ಕೆ ಬರಬೇಡಿ. ತಲೆಯ ಅಳತೆ 4.49 ಮತ್ತು 4.50 ಮಿ.ಮೀ. ಇರುವ ಎರಡಾದರೂ ಬಗೆಯ ಮ್ಯಾಚ್ ಪೆಲೆಟ್ ಒಯ್ಯಿರಿ, ಏಕೆಂದರೆ ಪ್ರತಿ ಬ್ಯಾರಲ್‌ಗೂ ಅದರದೇ ಒಲವಿರುತ್ತದೆ. ಹೊರ ಅಂಚಿನಿಂದ ಹೊರ ಅಂಚಿಗೆ 6 ಮಿ.ಮೀ. ಆಸುಪಾಸಿನ ಒಂದೇ ತೂತಾಗಿ ಬಂದರೆ ಬ್ಯಾರಲ್ ಬಗ್ಗೆ ಚಿಂತೆ ಬೇಡ.

ಉತ್ತರ 2: ಮುರ್ಡೇಶ್ವರದ ಮುಳುಗುಗಾರ

ರೈಫಲ್ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ಸೇರಿಸಲು ನನ್ನಲ್ಲಿ ಹೆಚ್ಚಿಲ್ಲ. ಗಾಳಿಯ ಬಗ್ಗೆ ಮಾತ್ರ ಹೇಳಬೇಕು, ಏಕೆಂದರೆ ನಮ್ಮ ಕರಾವಳಿಯಲ್ಲಿ ಪಿಸಿಪಿ ರೈಫಲ್ ಹಾಳಾಗುವುದು ಬಹುತೇಕ ಅದರೊಳಗೆ ತುಂಬಿದ ಗಾಳಿಯಿಂದಲೇ.

ಜುಲೈ ತಿಂಗಳಲ್ಲಿ ಕಾರವಾರದ ಗಾಳಿಯನ್ನು ಕೈಪಂಪಿನಿಂದ 200 ಪಟ್ಟು ಒತ್ತಿದಾಗ ಅದರಲ್ಲಿರುವ ತೇವ ಆವಿಯಾಗಿ ಉಳಿಯಲಾರದೆ ನೀರಾಗಿ ಸಿಲಿಂಡರ್‌ನ ಒಳಗೆ ಸೇರುತ್ತದೆ. ಆ ನೀರು ಗೋಡೆಯನ್ನು ತಿನ್ನುತ್ತದೆ, ರೆಗ್ಯುಲೇಟರ್‌ವರೆಗೂ ಹೋಗುತ್ತದೆ. ಪಂಪಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇದ್ದರೂ, ನಮ್ಮ ಮಳೆಗಾಲದಲ್ಲಿ ಅದು ಬೇಗನೆ ತುಂಬಿಹೋಗುತ್ತದೆ. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಒಳ್ಳೆಯ ದಾರಿ ಇದೆ. ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮಾಡಿಸುವವರು ಉಸಿರಾಟಕ್ಕೆ ಯೋಗ್ಯವಾದ, ಶೋಧಿಸಿ ಒಣಗಿಸಿದ ಗಾಳಿಯನ್ನೇ ಸುಮಾರು 200 ಬಾರ್‌ಗೆ ತುಂಬುತ್ತಾರೆ. ಅವಧಿಗೆ ಸರಿಯಾಗಿ ಒತ್ತಡ ಪರೀಕ್ಷೆಯಾದ ಒಂದು ಸ್ಕೂಬಾ ಸಿಲಿಂಡರ್ ಮತ್ತು ನಿಮ್ಮ ರೈಫಲ್‌ಗೆ ಹೊಂದುವ ತುಂಬುವ ಕೊಂಡಿ ಇದ್ದರೆ ಮನೆಯಲ್ಲೇ ತುಂಬಿಕೊಳ್ಳಬಹುದು. ದೊಡ್ಡ ಸಿಲಿಂಡರ್ 150 ಬಾರ್‌ಗೆ ಇಳಿದ ಮೇಲೆ ಚಿಕ್ಕದನ್ನೂ 150ಕ್ಕಿಂತ ಮೇಲೆ ತುಂಬಲಾಗದು, ಇದನ್ನು ಲೆಕ್ಕದಲ್ಲಿಡಿ. ಕವಾಟವನ್ನು ನಿಧಾನವಾಗಿ ತೆರೆಯಿರಿ. ವೇಗವಾಗಿ ತುಂಬಿದರೆ ಬಿಸಿಯಾಗಿ, ತಣಿದ ಮೇಲೆ ಒತ್ತಡ ಕಡಿಮೆ ತೋರುತ್ತದೆ.

ಎರಡು ಎಚ್ಚರಿಕೆಗಳನ್ನು ದಯವಿಟ್ಟು ಕಿವಿಗೊಟ್ಟು ಕೇಳಿ. ಆಸ್ಪತ್ರೆಯ ಅಥವಾ ವೆಲ್ಡಿಂಗ್‌ನವರ ಆಮ್ಲಜನಕವನ್ನು ಯಾವ ಕಾರಣಕ್ಕೂ ತುಂಬಬೇಡಿ. ಎಣ್ಣೆಯ ಜಿಡ್ಡು ತಾಗಿದರೆ ಅದು ಸ್ಫೋಟಿಸುತ್ತದೆ. ಒತ್ತಡದ ಭಾಗಗಳ ರಬ್ಬರ್ ಉಂಗುರಗಳಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನೂ ಹಚ್ಚಬೇಡಿ, ಸಿಲಿಕೋನ್ ಗ್ರೀಸ್ ಮಾತ್ರ ಸಾಕು.

ಇಡುವ ಪೆಟ್ಟಿಗೆಯ ವಿಷಯ: ಫೋಮ್ ಹಾಕಿದ ಪೆಟ್ಟಿಗೆ ಪ್ರಯಾಣಕ್ಕೆ ಮಾತ್ರ. ನಾನು ಒಂದು ಮಳೆಗಾಲದಲ್ಲಿ ಎರಡು ತಿಂಗಳು ಸ್ಪ್ರಿಂಗ್ ರೈಫಲ್ ಅನ್ನು ಅದರಲ್ಲೇ ಮುಚ್ಚಿಟ್ಟಿದ್ದೆ. ಫೋಮ್ ತೇವ ಹಿಡಿದುಕೊಂಡು, ಸೈಟ್‌ನ ಉಕ್ಕಿನ ಸ್ಕ್ರೂಗಳೆಲ್ಲ ತುಕ್ಕಿನಿಂದ ಬಿಗಿದುಹೋಗಿದ್ದವು.

ಉತ್ತರ 3: ಸಿದ್ದಾಪುರದ ಅಡಿಕೆ ಬೆಳೆಗಾರ

ನಾನು ಸ್ಪರ್ಧೆಯವನಲ್ಲ. ತೋಟದ ರಕ್ಷಣೆಗೆ ಲೈಸನ್ಸಿನ ಕೋವಿ ಇಟ್ಟುಕೊಂಡು, ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಮತ್ತೆ ಬಿಡಿಸಿಕೊಂಡು ಬರುವವನು. ಆದ್ದರಿಂದ ಕಾನೂನಿನ ಮಾತನ್ನಷ್ಟೇ ಹೇಳುತ್ತೇನೆ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಏರ್ ರೈಫಲ್‌ನ ಬೋರ್ (ಬ್ಯಾರಲ್‌ನ ಒಳ ವ್ಯಾಸ) 4.5 ಮಿ.ಮೀ. ಮೀರಿದರೆ ಅಥವಾ ಗುಂಡಿನ ಶಕ್ತಿ 20 ಜೂಲ್ ಮೀರಿದರೆ ಲೈಸನ್ಸ್ ಬೇಕು. ಮ್ಯಾಚ್ ರೈಫಲ್ ಆ ಗಡಿಯಿಂದ ಬಹಳ ಕೆಳಗಿದೆ: 0.53 ಗ್ರಾಂ ಪೆಲೆಟ್ 175 ಮೀಟರ್ ವೇಗದಲ್ಲಿ ಹೋದರೆ ಶಕ್ತಿ ಸುಮಾರು 8 ಜೂಲ್. ಹಳೆಯ ಪಿಸಿಪಿ ಕೊಂಡವರಿಗೆ "ಸ್ಪ್ರಿಂಗ್ ಬದಲಾಯಿಸಿ, ಕವಾಟ ದೊಡ್ಡದು ಮಾಡಿ, ಮಂಗ ಓಡಿಸಲಿಕ್ಕೂ ಆಗುತ್ತದೆ" ಎಂದು ಹೇಳುವವರು ನಮ್ಮ ಕಡೆ ಇದ್ದೇ ಇದ್ದಾರೆ. ಅವರ ಮಾತು ಕೇಳಬೇಡಿ. ಗಡಿ ದಾಟಿದರೆ ಮನೆಯಲ್ಲಿ ಲೈಸನ್ಸಿಲ್ಲದ ಆಯುಧ ಇಟ್ಟುಕೊಂಡಂತಾಗುತ್ತದೆ, ಮಗುವಿನ ಕ್ರೀಡಾ ಬದುಕಿಗೇ ಕುತ್ತು ಬರುತ್ತದೆ. ವನ್ಯಜೀವಿಗಳ ಮೇಲೆ ಹೊಡೆಯುವುದಂತೂ 1972ರ ಕಾಯ್ದೆಯಡಿ ಅಪರಾಧ. ಮಾರುವವರಿಂದ ಮೂಲ ಬಿಲ್ಲು, ಕ್ರಮಸಂಖ್ಯೆ ನಮೂದಿಸಿದ ಮಾರಾಟ ಪತ್ರ ಮತ್ತು ಅವರ ಗುರುತಿನ ದಾಖಲೆಯ ಪ್ರತಿ ಪಡೆದೇ ರೈಫಲ್ ತನ್ನಿ.

ಪ್ರಶ್ನೆ ಕೇಳಿದವರು, ಎರಡು ವಾರಗಳ ನಂತರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಳೆದ ಭಾನುವಾರ ಮಗಳನ್ನೂ ಕರೆದುಕೊಂಡು ಹುಬ್ಬಳ್ಳಿಗೆ ಹೋಗಿಬಂದೆ. ಸಿಲಿಂಡರ್ ಮೇಲಿನ ವರ್ಷ 2013, ಅಂದರೆ ಅವಧಿ ಮುಗಿದಿದೆ. ಹಾಗಾಗಿ ಅದನ್ನು ತುಂಬಲು ಬಿಡದೆ, ಅದೇ ಮಾದರಿಯ ರೈಫಲ್ ಇರುವ ಅವರ ಸ್ನೇಹಿತರ ಸಿಲಿಂಡರ್ ಜೋಡಿಸಿ ಪರೀಕ್ಷಿಸಿದೆವು. ಅದೇ ಎಳೆಯ ಹೊಸ ಸಿಲಿಂಡರ್ ಸಿಗುತ್ತದೆಂದು ಮಾರಾಟಗಾರರೊಬ್ಬರು ಬರವಣಿಗೆಯಲ್ಲಿ ತಿಳಿಸಿದ್ದಾರೆ. ಸತತ 10 ಗುಂಡುಗಳ ವೇಗ 171ರಿಂದ 174ರ ನಡುವೆ ಬಂತು. ಅರ್ಧ ಗಂಟೆ ಬಿಟ್ಟು ಹೊಡೆದದ್ದು 181. ಗುಂಪು 4.49ರ ಪೆಲೆಟ್‌ನಲ್ಲಿ 6.8 ಮಿ.ಮೀ., 4.50ರಲ್ಲಿ 5.7 ಮಿ.ಮೀ. ಸ್ಟಾಕ್ ಮಾತ್ರ ಅವಳಿಗೆ ಉದ್ದವಾಯಿತು, ಕೆನ್ನೆ ಒರಗಿಸಿದಾಗ ಕತ್ತು ಮುಂದಕ್ಕೆ ಚಾಚಬೇಕಾಗುತ್ತಿತ್ತು. ಈಗ ಏನು ಮಾಡಲಿ?

ಉತ್ತರ: ಶಿರಸಿಯ ಹಳೆಯ ಶೂಟರ್

ಬ್ಯಾರಲ್ ಚೆನ್ನಾಗಿದೆ, ರೆಗ್ಯುಲೇಟರ್‌ನ ಸೀಟು ಹೋಗಿದೆ. ಇದು ದುರಸ್ತಿಯಾಗುವ ದೋಷ, ಆದರೆ ಸಿಲಿಂಡರ್ ಕಳಚಿ ಒಳಗಿನ ಒತ್ತಡವನ್ನೆಲ್ಲ ಬಿಟ್ಟ ಮೇಲೆ, ತರಬೇತಿ ಪಡೆದ ಕೈಗಳೇ ಮಾಡಬೇಕಾದ ಕೆಲಸ. ಹೊಸ ಸಿಲಿಂಡರ್ ಮತ್ತು ರೆಗ್ಯುಲೇಟರ್ ರಿಪೇರಿಯ ಖರ್ಚನ್ನು ಕೇಳಿದ ಬೆಲೆಯಿಂದ ಕಳೆದು ಕೊಡುವುದಾದರೆ ಕೊಳ್ಳಿ.

ಮೊದಲ ವರ್ಷದ ಹಣ ಪೂರ್ತಿ ಅವೆರಡಕ್ಕೆ ಮತ್ತು ಸ್ಟಾಕ್‌ಗೆ ಹೋಗಲಿ. ಬಟ್ ಪ್ಲೇಟ್‌ನ ಹಿಂದೆ ಅಂತರದ ತುಂಡುಗಳಿದ್ದರೆ ಅವನ್ನು ತೆಗೆದು ಉದ್ದ ತಗ್ಗಿಸಿ, ಇಲ್ಲದಿದ್ದರೆ ಕೆನ್ನೆಯ ಆಸರೆ ಮತ್ತು ಬಟ್ ಪ್ಲೇಟ್ ಎರಡೂ ಹೊಂದಿಸಿಕೊಳ್ಳಲು ಬರುವ ಬಳಸಿದ ಸ್ಟಾಕ್ ಹುಡುಕಿ. ಕಣ್ಣು ಮುಚ್ಚಿ ರೈಫಲ್ ಏರಿಸಿ, ತೆರೆದಾಗ ಪೀಪ್‌ನ ನಡುವಿನಲ್ಲೇ ಬ್ಯಾರಲ್ ತುದಿಯ ಸೈಟ್‌ನ ಉಂಗುರ ಕಾಣಬೇಕು. ಅಲ್ಲಿಯವರೆಗೂ ಹೊಂದಿಸುತ್ತಲೇ ಇರಿ, ಅವಳು ಬೆಳೆದಂತೆ ಆರು ತಿಂಗಳಿಗೊಮ್ಮೆ ಮತ್ತೆ ನೋಡಿ. ತೂಕ ಸೇರಿಸುವ ಗೀಳು ಈಗಲೇ ಬೇಡ. ನಿಯಮ 5.5 ಕಿಲೋವರೆಗೆ ಒಪ್ಪುತ್ತದೆಂದು 16ರ ಹುಡುಗಿಯ ಬೆನ್ನಿನ ಮೇಲೆ ಅಷ್ಟನ್ನೂ ಹೇರಬೇಕಿಲ್ಲ. ಪೀಪ್ ಸೈಟ್ ಎರಡನೆಯ ವರ್ಷಕ್ಕೆ ಕಾಯಬಹುದು, ಟ್ರಿಗರ್‌ಗೆ ಕೈ ಹಚ್ಚಲೇಬೇಡಿ. ಆ ರೈಫಲ್‌ನಲ್ಲಿ ಗುಂಡಿಲ್ಲದೆ ಟ್ರಿಗರ್ ಎಳೆಯುವ ವ್ಯವಸ್ಥೆ ಇರುತ್ತದೆ. ಹೊಸ ಸಿಲಿಂಡರ್ ಬರುವವರೆಗೂ ದಿನಕ್ಕೆ ಅರ್ಧ ಗಂಟೆ ಖಾಲಿ ಗೋಡೆಯ ಮುಂದೆ ಅದನ್ನೇ ಅಭ್ಯಾಸ ಮಾಡಲಿ. 2013ರ ಸಿಲಿಂಡರ್ ಅನ್ನು ಪೂರ್ತಿ ಖಾಲಿ ಮಾಡಿಸಿ, ಕವಾಟ ಬಿಚ್ಚಿಸಿ, ಯಾರೂ ಮತ್ತೆ ತುಂಬಲಾಗದಂತೆ ಅದರ ಮೈಯಲ್ಲಿ ತೂತು ಕೊರೆಸಿಬಿಡಿ.