ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಹದಿನಾರು ವರ್ಷ: ಇನ್ನು ಮುಂದೇನು? ಅನುಭವಸ್ಥರು ಹೇಳಿ

ಕೇಳಿದವರು: ವಯಸ್ಸು 43. ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ 2009ರಲ್ಲಿ ಪ್ರೋಗ್ರಾಮರ್ ಆಗಿ ಸೇರಿದೆ, ಈಗ ಐಟಿ ವ್ಯವಸ್ಥಾಪಕ. ಕ್ಯಾಂಪಸ್ ನೆಟ್‌ವರ್ಕ್, ಸರ್ವರ್ ಕೋಣೆ, ಪ್ರವೇಶಾತಿ, ಫಲಿತಾಂಶ ಎಲ್ಲವೂ ನನ್ನ ಮೇಜಿನ ಮೇಲೆಯೇ ಹಾದುಹೋಗಿವೆ. 2021-22ರ ಶೈಕ್ಷಣಿಕ ವರ್ಷದಿಂದ ರಾಜ್ಯದ ವಿಶ್ವವಿದ್ಯಾಲಯಗಳಿಗೆ ಪ್ರವೇಶಾತಿಯಿಂದ ಫಲಿತಾಂಶದವರೆಗಿನ ಏಕೀಕೃತ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್ ಬಂದಿತು. ನಾವು ಐದಾರು ಜನ ಕೂಡಿ ಕಟ್ಟಿದ್ದ ಪರೀಕ್ಷಾ ತಂತ್ರಾಂಶ ಮೂಲೆ ಸೇರಿತು. ಈಗ ದಿನದ ಅರ್ಧ ಹೊತ್ತು ಕಾಲೇಜುಗಳ ಫೋನ್ ಕರೆಗೆ ಉತ್ತರಿಸುವುದರಲ್ಲಿ ಕಳೆಯುತ್ತದೆ. ನನ್ನ ಮೇಲಿರುವುದು ಒಂದೇ ಹುದ್ದೆ, ಅದರಲ್ಲಿರುವವರು ನನಗಿಂತ ಎರಡು ವರ್ಷ ದೊಡ್ಡವರು. ಕ್ಲೌಡ್ ಸರ್ಟಿಫಿಕೇಟ್ ಮಾಡಿಕೊಂಡು ಬೆಂಗಳೂರಿನ ಕಂಪನಿಗೆ ಹೋಗಲೇ, ಇಲ್ಲೇ ಇರಲೇ? ಹೆಂಡತಿ ಶಿಕ್ಷಕಿ, ಮಗಳು ಒಂಬತ್ತನೇ ತರಗತಿ. ಈ ದಾರಿ ತುಳಿದವರು ಇದ್ದರೆ ಹೇಳಿ.

ಬಿಟ್ಟು ಬಂದವರು, ಬೆಂಗಳೂರಿನಿಂದ: ನಾನು ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ 14 ವರ್ಷ ಇದ್ದೆ. ಈಗ ಇಲ್ಲಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ತಂತ್ರಜ್ಞಾನ ವಿಭಾಗದ ಮುಖ್ಯಸ್ಥ. ನಡುವೆ ಒಂದು ಮುಖಭಂಗ ಆಗಿತ್ತು, ಅದನ್ನೇ ಮೊದಲು ಹೇಳುತ್ತೇನೆ.

ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಸಂದರ್ಶನ. ಎದುರು ಕುಳಿತವರು ನನಗಿಂತ ಹತ್ತು ವರ್ಷ ಚಿಕ್ಕವರು. ಕಳೆದ ಮೂರು ವರ್ಷದಲ್ಲಿ ಏನು ಮಾಡಿದಿರಿ ಎಂದು ಕೇಳಿದರು. ಸರ್ವರ್ ನಿರ್ವಹಣೆ, ನೆಟ್‌ವರ್ಕ್ ನಿರ್ವಹಣೆ, ಫಲಿತಾಂಶ ನಿರ್ವಹಣೆ ಎಂದೆ. ಮೂರನೆಯ ನಿರ್ವಹಣೆಗೆ ಅವರು ಪೆನ್ನು ಕೆಳಗಿಟ್ಟರು. ಇಪ್ಪತ್ತು ನಿಮಿಷಕ್ಕೆ ನಾನು ಬಸ್ ನಿಲ್ದಾಣದಲ್ಲಿದ್ದೆ.

ರಾತ್ರಿ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಆ ವರ್ಷದ ಜೂನ್ ನೆನಪಾಯಿತು. ಪದವಿ ಫಲಿತಾಂಶ ಸಂಜೆ ಐದಕ್ಕೆ ಎಂದು ಪತ್ರಿಕೆಗಳಿಗೆ ಹೇಳಿಯಾಗಿತ್ತು. ನಾಲ್ಕೂವರೆಗೆ ನಮ್ಮ ಗುಮಾಸ್ತರೊಬ್ಬರು ಮುದ್ರಿತ ಹಾಳೆ ಹಿಡಿದು ಬಂದು, ‘ಸರ್, ಈ ಹುಡುಗ ಪರೀಕ್ಷೆಗೇ ಬಂದಿಲ್ಲ, ಹದಿನೆಂಟು ಅಂಕ ಎಲ್ಲಿಂದ ಬಂತು?’ ಎಂದರು. ಆ ಕಾಲೇಜಿನವರು ಎಕ್ಸೆಲ್ ಹಾಳೆಯ ಅಂಕದ ಕಾಲಂನಲ್ಲಿ ಗೈರುಹಾಜರಾದವನ ಕೋಶವನ್ನು ಅಳಿಸಿಬಿಟ್ಟಿದ್ದರು. ಕೆಳಗಿನವರ ಅಂಕಗಳೆಲ್ಲ ಒಂದೊಂದು ಮನೆ ಮೇಲಕ್ಕೆ ಸರಿದು, ಒಬ್ಬರ ಆಂತರಿಕ ಅಂಕ ಇನ್ನೊಬ್ಬರ ಪಾಲಾಗಿತ್ತು. ಆ ಒಂದು ಕಾಲೇಜಿನ ಫಲಿತಾಂಶ ತಡೆಹಿಡಿದು ಉಳಿದದ್ದನ್ನು ಐದಕ್ಕೇ ಬಿಟ್ಟೆವು. ಅದೇ ರಾತ್ರಿ ಕೂತು, ಪ್ರತಿ ಕಾಲೇಜಿನ ಪಟ್ಟಿಯನ್ನೂ ಹಾಜರಾತಿಯೊಂದಿಗೆ ತಾಳೆ ನೋಡುವ ಪುಟ್ಟ ಪ್ರೋಗ್ರಾಂ ಬರೆದೆ. ಬೆಳಗಾಗುವಷ್ಟರಲ್ಲಿ ಇನ್ನೂ ಎರಡು ಕಾಲೇಜು ಸಿಕ್ಕಿಬಿದ್ದಿದ್ದವು. ಇದನ್ನು ನಾನು ಸಂದರ್ಶನದಲ್ಲಿ ‘ಫಲಿತಾಂಶ ನಿರ್ವಹಣೆ’ ಎಂದು ಎರಡೇ ಪದದಲ್ಲಿ ಹೂತುಬಿಟ್ಟಿದ್ದೆ!

ನಮ್ಮನ್ನು ಕೆಡಿಸಿರುವುದು ಕಡತದ ಕನ್ನಡ. ‘ಕ್ರಮ ವಹಿಸಲಾಗಿದೆ’, ‘ಸರಿಪಡಿಸಲಾಗಿದೆ’, ‘ಅವಗಾಹನೆಗೆ ಸಲ್ಲಿಸಲಾಗಿದೆ’. ಮಾಡಿದವನು ಯಾರು ಎಂಬುದೇ ಆ ವಾಕ್ಯಗಳಲ್ಲಿ ಇರುವುದಿಲ್ಲ; ಲೆಕ್ಕಪರಿಶೋಧಕರು ಬಂದಾಗ ಅದೇ ನಮಗೆ ಕ್ಷೇಮ. ಹದಿನಾಲ್ಕು ವರ್ಷ ಟಿಪ್ಪಣಿ ಹಾಳೆ ಬರೆದವನು ತನ್ನ ಸ್ವವಿವರವನ್ನೂ ಅದೇ ಧಾಟಿಯಲ್ಲಿ ಬರೆಯುತ್ತಾನೆ. ಇಂಗ್ಲಿಷಿನಲ್ಲಿ ಬರೆದರೂ ಒಳಗಿರುವುದು ಅದೇ ‘ಲಾಗಿದೆ’.

ಆಮೇಲೆ ನಾನು ಮಾಡಿದ್ದು ಇಷ್ಟು: ಒಂದು ನೂರು ಪುಟದ ನೋಟ್‌ಬುಕ್ ತಂದು, ಹಳೆಯ ಇಮೇಲ್ ತೆಗೆದು, ವರ್ಷಕ್ಕೆ ಮೂರು ಘಟನೆಯಂತೆ ಬರೆದೆ. ಏನು ಕೆಟ್ಟಿತ್ತು, ನಾನು ಏನು ತೀರ್ಮಾನಿಸಿದೆ, ಯಾರು ಒಪ್ಪಲಿಲ್ಲ, ಕೊನೆಗೆ ಏನಾಯಿತು. ಟೆಂಡರುಗಳನ್ನೂ ಬರೆದೆ. ಸರ್ಕಾರಿ ಖರೀದಿಗಳ 1999ರ ಪಾರದರ್ಶಕತೆ ಕಾಯ್ದೆಯಡಿ ತಾಂತ್ರಿಕ ಬಿಡ್, ಆರ್ಥಿಕ ಬಿಡ್ ಎರಡನ್ನೂ ತೆರೆದು ಫೈರ್‌ವಾಲ್ ಖರೀದಿಸಿ, ಸೋತ ಬಿಡ್ಡುದಾರನ ಮೇಲ್ಮನವಿಗೂ ಉತ್ತರ ಬರೆದವನಿಗೆ ಗುತ್ತಿಗೆಯ ಷರತ್ತು ಓದುವುದು ಯಾರೂ ಕಲಿಸಬೇಕಾಗಿಲ್ಲ. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ ನಿರ್ದೇಶನ ಬಂದಾಗ, ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಯಂತ್ರಗಳು ತಾವೇ ಬರೆದಿಡುವ ಚಟುವಟಿಕೆಯ ದಾಖಲೆ) 180 ದಿನ ಇಡಬೇಕು ಎಂದಿತ್ತು. ಅದಕ್ಕೆ ಹಣ ಮಂಜೂರಾಗಲಿಲ್ಲ. ಪ್ರಯೋಗಾಲಯದ ಹಳೆಯ ಕಂಪ್ಯೂಟರುಗಳ ಡಿಸ್ಕ್ ಬಿಚ್ಚಿ ಸೇರಿಸಿ ಜಾಗ ಮಾಡಿದ್ದೆವು. ಈಗಿನ ಕೆಲಸದ ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಿದ್ದು ಈ ಡಿಸ್ಕುಗಳ ಬಗ್ಗೆಯೇ.

ಇನ್ನೊಂದು ಮಾತು. ನೀವು ‘ಕಂಪನಿ’ ಎನ್ನುತ್ತಿದ್ದೀರಿ. ನಿಮ್ಮ ಅನುಭವಕ್ಕೆ ನಿಜವಾದ ಬೆಲೆ ಇರುವುದು ಸೆಮಿಸ್ಟರ್, ಹಾಲ್ ಟಿಕೆಟ್, ಮರುಮೌಲ್ಯಮಾಪನ ಎಂದರೆ ಏನು ಎಂದು ವಿವರಿಸಬೇಕಾಗದ ಜಾಗದಲ್ಲಿ: ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯ, ಪರೀಕ್ಷಾ ಮಂಡಳಿ, ಶಿಕ್ಷಣ ತಂತ್ರಾಂಶ ಮಾಡುವವರು. ಮೊದಲು ಅಲ್ಲಿ ಬಾಗಿಲು ತಟ್ಟಿ. ಸಂಬಳ ಹೆಚ್ಚುತ್ತದೆ, ದಸರಾ ರಜೆ ಹೋಗುತ್ತದೆ. ಆಡಳಿತ ಮಂಡಳಿಯ ಸದಸ್ಯರ ಮನೆಯ ವೈ-ಫೈ ಕೂಡ ನಿಮ್ಮದೇ ಹೊಣೆ ಎಂದು ಮೂರನೇ ವಾರದಲ್ಲಿ ತಿಳಿಯುತ್ತದೆ.

ಅಲ್ಲೇ ಉಳಿದವರು, ಮೈಸೂರಿನಿಂದ: ನಾನು ಹೋಗಲಿಲ್ಲ, ಬದಿಗೆ ಸರಿದೆ. ಫೋನ್ ಕರೆಗಳ ಕೆಲಸ ನನಗೂ ಸಾಕಾಗಿತ್ತು. ಗ್ರಂಥಾಲಯದವರಿಗೆ ತಂತ್ರಜ್ಞಾನ ಗೊತ್ತಿರುವ ಒಬ್ಬರು ಬೇಕಿತ್ತು, ಕುಲಸಚಿವರನ್ನು ಕಂಡು ಹೆಚ್ಚುವರಿ ಪ್ರಭಾರ ಕೇಳಿ ಪಡೆದೆ. (ಕೇಳಿ ಪಡೆಯುವುದೂ ಒಂದು ಕೆಲಸ. ನಮ್ಮಲ್ಲಿ ಪ್ರಭಾರ ಎಂದರೆ ಶಿಕ್ಷೆ ಎಂದೇ ಎಲ್ಲರ ತಿಳುವಳಿಕೆ.) ಪಿಎಚ್‌ಡಿ ಪ್ರಬಂಧಗಳ ರಾಷ್ಟ್ರೀಯ ಭಂಡಾರ ಶೋಧಗಂಗಾಕ್ಕೆ ಪ್ರಬಂಧ ಏರಿಸುವುದರಿಂದ ಶುರುವಾಯಿತು. ಆಮೇಲೆ ಗುಜರಾತಿನ ಗಾಂಧಿನಗರದಲ್ಲಿರುವ ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲದ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್ ಮೂಲಕ ಕ್ಯಾಂಪಸ್ಸಿನ ಹೊರಗಿನಿಂದ ಲಾಗಿನ್ ಆಗುವ ವ್ಯವಸ್ಥೆ ಕೂಡಿಸಿದೆ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರದ ‘ಒಂದು ದೇಶ ಒಂದು ಚಂದಾ’ ಯೋಜನೆ ಆರಂಭವಾದಾಗ ಹದಿಮೂರು ಸಾವಿರದಷ್ಟು ಸಂಶೋಧನಾ ಪತ್ರಿಕೆಗಳು ಒಮ್ಮೆಲೇ ತೆರೆದುಕೊಂಡವು. ಆದರೆ ನಮ್ಮ ಸಂಶೋಧನಾ ವಿದ್ಯಾರ್ಥಿಗಳಿಗೆ ಪಾಸ್‌ವರ್ಡ್ ಏನೆಂದೇ ಗೊತ್ತಿರಲಿಲ್ಲ. ಮೂರು ತಿಂಗಳು ವಿಭಾಗದಿಂದ ವಿಭಾಗಕ್ಕೆ ಹೋಗಿ ತೋರಿಸಿಕೊಟ್ಟೆ. ಚಾಮರಾಜನಗರದ ಕಡೆಯ ಒಬ್ಬ ಹುಡುಗಿ, ರಜೆಯಲ್ಲಿ ಊರಿಗೆ ಹೋದಾಗ ತೋಟದ ಮನೆಯಲ್ಲಿ ಮೊಬೈಲಿನಲ್ಲೇ ಒಂದು ಲೇಖನ ತೆರೆದು ಅದರ ಚಿತ್ರ ಕಳಿಸಿದ್ದಳು. ಹಿಂದೆ ಹಸುವಿನ ಕೊಟ್ಟಿಗೆ ಕಾಣುತ್ತಿತ್ತು.

ಬಡ್ತಿ ಬಂತೇ ಎಂದು ಕೇಳಿದರೆ, ಇಲ್ಲ. ಆದರೆ ಸಂಶೋಧನಾ ಯೋಜನೆಗಳ ಅರ್ಜಿಯಲ್ಲಿ ದತ್ತಾಂಶ ನಿರ್ವಹಣೆಯ ಭಾಗವನ್ನು ಪ್ರಾಧ್ಯಾಪಕರು ಈಗ ನನ್ನಿಂದಲೇ ಬರೆಸುತ್ತಾರೆ. ಎರಡು ಯೋಜನೆಯಲ್ಲಿ ನನ್ನ ಹೆಸರಿದೆ. ಮಗಳ ಹತ್ತನೇ ತರಗತಿ ಮುಗಿಯುವವರೆಗಾದರೂ ಇಂಥದ್ದೊಂದು ನೋಡಿ.

ನೇಮಕಾತಿ ಮಾಡುವವರು: ಸರ್ಟಿಫಿಕೇಟ್ ಬಗ್ಗೆ ಖಡಾಖಂಡಿತ ಹೇಳುತ್ತೇನೆ. 43ರಲ್ಲಿ ಆರಂಭದ ಹಂತದ ಕ್ಲೌಡ್ ಸರ್ಟಿಫಿಕೇಟ್ ತಂದರೆ, ಅದೇ ಕಾಗದ ಹಿಡಿದ 23ರ ಹುಡುಗನ ಪಕ್ಕದಲ್ಲಿ ನಿಮ್ಮನ್ನು ನಿಲ್ಲಿಸುತ್ತೇವೆ, ಅವನ ಸಂಬಳ ಕಡಿಮೆ. ಅನುಭವವನ್ನೇ ಅರ್ಹತೆಯಾಗಿ ಕೇಳುವ ಪರೀಕ್ಷೆ ಆರಿಸಿಕೊಳ್ಳಿ. ಮಾಹಿತಿ ವ್ಯವಸ್ಥೆಗಳ ಲೆಕ್ಕಪರಿಶೋಧನೆಯ ಸಿಸಾ ಇದೆ: ಐದು ವರ್ಷದ ಸಂಬಂಧಪಟ್ಟ ಅನುಭವ ಬೇಕು, ಪರೀಕ್ಷೆ ಮೊದಲು ಬರೆದು ಅನುಭವದ ದಾಖಲೆ ಆಮೇಲೆ ಕೊಡಬಹುದು. ಯೋಜನಾ ನಿರ್ವಹಣೆಯ ಪಿಎಂಪಿಗೂ ಹಾಗೆಯೇ, ನಾಲ್ಕು ವರ್ಷದ ಪದವಿ ಇದ್ದರೆ 36 ತಿಂಗಳು ಯೋಜನೆ ಮುನ್ನಡೆಸಿದ ದಾಖಲೆ ಕೇಳುತ್ತಾರೆ. ಹುಡುಗ ಅಲ್ಲಿಗೆ ಬರಲಾರ.

ಕ್ಲೌಡ್‌ಗಿಂತ ದೊಡ್ಡ ಅವಕಾಶ ಬೇರೆ ಇದೆ. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 2023ರಲ್ಲಿ ಆಯಿತು, ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಬಹುಪಾಲು ಹೊಣೆಗಳಿಗೆ 18 ತಿಂಗಳ ಕಾಲಾವಕಾಶ. ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ವಿಶ್ವವಿದ್ಯಾಲಯವೊಂದರ ಬಳಿ ಏನೇನಿದೆ ಎಂದು ಯೋಚಿಸಿ: ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್, ಅಂಗವೈಕಲ್ಯದ ದಾಖಲೆ, ಬ್ಯಾಂಕ್ ಖಾತೆ. ಅವು ಯಾವ ಸರ್ವರಿನಲ್ಲಿವೆ, ಯಾವ ಗುಮಾಸ್ತರ ಪೆನ್‌ಡ್ರೈವಿನಲ್ಲಿವೆ, ಯಾವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡಿವೆ ಎಂಬುದು ವಕೀಲರಿಗೆ ಗೊತ್ತಿಲ್ಲ, ನಿಮಗೆ ಗೊತ್ತು. ನಿಮ್ಮ ವಿಶ್ವವಿದ್ಯಾಲಯದ ದತ್ತಾಂಶ ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ಈಗಿನ ಹುದ್ದೆಯಲ್ಲಿದ್ದುಕೊಂಡೇ ತಯಾರಿಸಿ ಮೇಲಿನವರಿಗೆ ಒಪ್ಪಿಸಿ. ಹೋಗುವಾಗ ಆ ಕಡತ ಜೊತೆಗೆ ಒಯ್ಯುವಂತಿಲ್ಲ, ಮಾಡಿದ್ದೇನೆ ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ.

ಹೋಗಿ ವಾಪಸು ಬಂದವರು: ರಾಜೀನಾಮೆ ಬರೆಯುವ ಮೊದಲು ಆಡಳಿತ ಶಾಖೆಯ ಹಳೆಯ ಅಧೀಕ್ಷಕರೊಬ್ಬರನ್ನು ಚಹಾಕ್ಕೆ ಕರೆಯಿರಿ. ಬೇರೆ ಸರ್ಕಾರಿ ಸಂಸ್ಥೆಗೆ ಹೋಗುವುದಾದರೆ ಅರ್ಜಿ ಸೂಕ್ತ ಮಾರ್ಗದಲ್ಲೇ ಹೋಗಿರಬೇಕು, ನಿರಾಕ್ಷೇಪಣಾ ಪತ್ರ ಕೈಯಲ್ಲಿರಬೇಕು, ಹುದ್ದೆಯ ಮೇಲಿನ ಹಕ್ಕು (ಲೀನ್ ಎನ್ನುತ್ತಾರಲ್ಲ, ಅದು) ಎಷ್ಟು ದಿನ ಉಳಿಯುತ್ತದೆ ಎಂಬುದು ಬರವಣಿಗೆಯಲ್ಲಿ ಬರಬೇಕು. ನಾನು ಬಾಯಿಮಾತು ನಂಬಿದೆ. ವಾಪಸು ಬಂದಾಗ ಆ ಮಾತು ಕೊಟ್ಟವರು ನಿವೃತ್ತರಾಗಿದ್ದರು. ಸೇವಾ ಹಿರಿತನಕ್ಕಾಗಿ ಎರಡು ವರ್ಷ ಕಡತದ ಹಿಂದೆ ಓಡಾಡಿದೆ. ನೀವು 2009ರಲ್ಲಿ ಸೇರಿದವರು, ಅಂದರೆ 2006ರ ಏಪ್ರಿಲ್ ನಂತರ, ಹೊಸ ಪಿಂಚಣಿ ಯೋಜನೆ ಎನ್‌ಪಿಎಸ್‌ನಲ್ಲೇ ಇರುತ್ತೀರಿ. ನಿಮ್ಮ ಪ್ರಾನ್ (ಆ ಪಿಂಚಣಿ ಖಾತೆಯ ಸಂಖ್ಯೆ) ಹೋದಲ್ಲಿಗೆ ಬರುತ್ತದೆ. ಹಳೆಯ ಪಿಂಚಣಿಯವರಂತೆ ರಾಜೀನಾಮೆಯಿಂದ ಎಲ್ಲವೂ ಮುಳುಗುವುದಿಲ್ಲ, ಆ ಮಟ್ಟಿಗೆ ನೀವು ಹಗುರ.

ಕೇಳಿದವರು: ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ನೋಟ್‌ಬುಕ್ ತೆರೆದು ಕೂತೆ. ಮೊದಲ ಸಾಲು ಬರೆದದ್ದು ‘2016ರಲ್ಲಿ ಹಾಸ್ಟೆಲ್‌ಗಳಿಗೆ ವೈ-ಫೈ ಸೌಲಭ್ಯ ಕಲ್ಪಿಸಲಾಯಿತು’. ಹೆಂಡತಿ ಹಿಂದಿನಿಂದ ಓದಿ, ಯಾರು ಕಲ್ಪಿಸಿದ್ದು ಎಂದಳು. ಹೊಡೆದುಹಾಕಿ ಮತ್ತೆ ಬರೆದೆ; ಎರಡೂವರೆ ಪುಟ ಆಯಿತು, ಇಲಿ ಕೇಬಲ್ ಕಡಿದದ್ದೂ ಸೇರಿ. ದತ್ತಾಂಶದ ನಕ್ಷೆಗೆ ಅನುಮತಿ ಕೋರಿ ಟಿಪ್ಪಣಿ ಮಂಡಿಸುತ್ತಿದ್ದೇನೆ. ಒಂದೇ ಸಂದೇಹ ಉಳಿದಿದೆ: ನಿರಾಕ್ಷೇಪಣಾ ಪತ್ರ ಕೇಳಿದರೆ ಹೋಗುವವನು ಎಂದು ಎಲ್ಲರಿಗೂ ಗೊತ್ತಾಗುತ್ತದೆಯಲ್ಲ?

ಹೋಗಿ ವಾಪಸು ಬಂದವರು: ಗೊತ್ತಾಗುತ್ತದೆ. ನನ್ನ ಅರ್ಜಿಯ ಸುದ್ದಿ ಕ್ಯಾಂಟೀನಿಗೆ ನನಗಿಂತ ಮೊದಲೇ ತಲುಪಿತ್ತು. ಫಲಿತಾಂಶದ ತಿಂಗಳಲ್ಲಿ ಮಾತ್ರ ಕೊಡಬೇಡಿ, ಆಗ ಯಾರೂ ಸಹಿ ಹಾಕುವುದಿಲ್ಲ. ಪ್ರವೇಶಾತಿ ಮುಗಿದು ಪರೀಕ್ಷೆ ಶುರುವಾಗುವ ನಡುವೆ ಒಂದೆರಡು ವಾರ ಕಚೇರಿ ತಣ್ಣಗಿರುತ್ತದೆ, ಆಗ ಕೊಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.